ಮೂರು ಸರ್ಕಾರಗಳ ಗುಡಿಗಳು: ಗದಗದಿಂದ ಹಿರೇಬೆಣಕಲ್‌ವರೆಗೆ

ಗದಗದಿಂದ ಹಂಪಿಗೆ ಈಗ ಹೆದ್ದಾರಿ ಇದೆ. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಹೊಸಪೇಟೆ. ಆದರೆ ಸ್ವಾತಂತ್ರ್ಯಕ್ಕೆ ಮೊದಲು ಇದೇ ದಾರಿಯಲ್ಲಿ ಹೋದವರು ಮೂರು ಸರ್ಕಾರಗಳ ನೆಲ ತುಳಿಯಬೇಕಿತ್ತು. ಗದಗ, ಲಕ್ಕುಂಡಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಕುಕನೂರು, ಇಟಗಿ, ಕೊಪ್ಪಳ ಹೈದರಾಬಾದ್ ನಿಜಾಮರ ಸೀಮೆ. ಹೊಳೆಯಾಚೆಗಿನ ಹಂಪಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಲಕ್ಕುಂಡಿಯ ಗುಡಿ, ಇಟಗಿಯ ಗುಡಿ ಎರಡೂ ಕಲ್ಯಾಣ ಚಾಲುಕ್ಯರ ಕಾಲದವು, ಎರಡೂ ಬಳಪದ ಕಲ್ಲಿನವು. ಆದರೆ ಅವನ್ನು ಸರ್ಕಾರಿ ಲೆಕ್ಕಕ್ಕೆ ಬರೆದುಕೊಂಡ ಕೈಗಳು ಬೇರೆ ಬೇರೆ.

ಈ ಸುತ್ತಾಟದ ಯೋಜನೆ ನನ್ನ ಸೋದರಮಾವನದು. ಮಾಮ ಸರ್ವೇಯರ್ ಆಗಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ಹೊಲ ಅಳೆದವರಿಗೆ ಗುಡಿ ನೋಡುವ ಕಣ್ಣೇ ಬೇರೆ. ನಾನು ಶಿಖರ ನೋಡುತ್ತಾ ನಿಂತರೆ ಅವರು ಕಂಪೌಂಡಿನ ಮೂಲೆ ನೋಡುತ್ತಾ ನಿಲ್ಲುತ್ತಾರೆ.

ಶುಕ್ರವಾರ: ಗದಗ, ಲಕ್ಕುಂಡಿ

ಗದಗಿನ ತ್ರಿಕೂಟೇಶ್ವರನ ಗುಡಿಯಲ್ಲಿ ಬೆಳಗಿನ ಪೂಜೆ ನಡೆದಿತ್ತು. ಗುಡಿ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಸಂರಕ್ಷಿತ ಸ್ಮಾರಕ ಅಂದ್ರೆ ಪೂಜೆ ನಿಲ್ಲಿಸಿದ ಗುಡಿ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಇಲಾಖೆಯ ರಕ್ಷಣೆಗೆ ಬಂದ ಹೊತ್ತಿಗೆ ಪೂಜೆ ನಡೆಯುತ್ತಿದ್ದರೆ ಅದು ಮುಂದುವರಿಯುತ್ತದೆ. ಆಗಲೇ ನಿಂತುಹೋಗಿದ್ದರೆ ಹೊಸದಾಗಿ ಶುರು ಮಾಡಲು ಬಿಡುವುದಿಲ್ಲ. ಪಕ್ಕದ ಸರಸ್ವತಿ ಗುಡಿಯ ಕಂಬಗಳನ್ನು ನೋಡಿ, ಒಂದು ಸುತ್ತು ಹಾಕಿ, ಬಾಗಿಲ ಹತ್ತಿರದ ನೀಲಿ ಬೋರ್ಡಿನ ಮುಂದೆ ನಿಂತೆವು.

ಆ ಬೋರ್ಡನ್ನು ನೀವೂ ನೋಡಿರುತ್ತೀರಿ. ಯಾರೂ ಪೂರ್ತಿ ಓದುವುದಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಇದು ರಾಷ್ಟ್ರೀಯ ಮಹತ್ವದ್ದು, ಇದನ್ನು ಹಾಳು ಮಾಡಿದವರಿಗೆ, ವಿಕಾರ ಮಾಡಿದವರಿಗೆ, ದುರುಪಯೋಗ ಮಾಡಿದವರಿಗೆ ಶಿಕ್ಷೆ ಎಂದು ಅದರಲ್ಲಿರುತ್ತದೆ. ಮೊದಲು ಈ ಶಿಕ್ಷೆ ಮೂರು ತಿಂಗಳ ಜೈಲು ಅಥವಾ 5,000 ರೂಪಾಯಿ ದಂಡ. 2010ರ ತಿದ್ದುಪಡಿಯಲ್ಲಿ ಅದು ಎರಡು ವರ್ಷ, ಒಂದು ಲಕ್ಷಕ್ಕೆ ಏರಿತು. ಇನ್ನೊಂದು ಬೋರ್ಡಿನಲ್ಲಿ 100 ಮೀಟರ್, 200 ಮೀಟರ್ ಲೆಕ್ಕ. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಹೊಸ ಕಟ್ಟಡ ಕಟ್ಟುವ ಹಾಗೇ ಇಲ್ಲ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ, ಅನುಮತಿ ತಗೊಂಡು ಕಟ್ಟಬಹುದು.

"ಬೋರ್ಡ್ ಆಮ್ಯಾಲ ಓದು ಯವ್ವಾ," ಎಂದರು ಮಾಮ. "ನೂರು ಮೀಟರ್ ಎಲ್ಲಿಂದ ಶುರು ಅಂತ ಕೇಳು."

"ಗುಡಿ ಗೋಡೆಯಿಂದ ಅಲ್ವಾ ಮಾಮಾ?"

"ಅಲ್ಲ. ಸಂರಕ್ಷಿತ ಜಾಗದ ಗಡಿಯಿಂದ. ಆ ಗಡಿ ಎಲ್ಲೈತಿ ತೋರಸು ನೋಡೋಣ. ಬಾಂದಕಲ್ಲು ಸಿಗದಿದ್ರ ಅಳತಿ ಎಲ್ಲಿಂದ ಹಿಡೀತಿ?"

ಈ ಪ್ರಶ್ನೆಯನ್ನು ಮಾಮ ಮುಂದಿನ ಎಲ್ಲ ಊರಿನಲ್ಲೂ ಕೇಳಿದರು. ಮೊದಮೊದಲು ನನಗೆ ಕಿರಿಕಿರಿ ಆಯಿತು. ಲಕ್ಕುಂಡಿಯಲ್ಲಿ ಅರ್ಥವಾಯಿತು.

ಗದಗದಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇಲ್ಲಿದೆ. ಕಾಶಿವಿಶ್ವನಾಥ, ನನ್ನೇಶ್ವರ, ಮುಸುಕಿನ ಬಾವಿ ಎಲ್ಲ ಇಲ್ಲೇ. ನೂರೊಂದು ಗುಡಿ, ನೂರೊಂದು ಬಾವಿ ಎನ್ನುವುದು ಊರಿನವರ ಮಾತು. ಕಾಶಿವಿಶ್ವನಾಥನ ಬಾಗಿಲವಾಡದ ಕೆತ್ತನೆ ಎದುರು ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕಲ್ಲಿನಲ್ಲಿ ಇಷ್ಟು ಸಣ್ಣ ಕೆಲಸ ಹೇಗೆ ಮಾಡಿದರು ಎನ್ನುವುದಕ್ಕೆ ಬಳಪದ ಕಲ್ಲೇ ಅರ್ಧ ಉತ್ತರ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ.

ಈ ಸೀಮೆಯ ಗುಡಿಗಳ ಸರ್ಕಾರಿ ಕಾಗದ ಶುರುವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಜೇಮ್ಸ್ ಬರ್ಜೆಸ್ 1874ರಲ್ಲಿ ಬೆಳಗಾವಿ, ಕಲಾದಗಿ ಜಿಲ್ಲೆಗಳಿಂದ ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆ ಆರಂಭಿಸಿದರು. ಅವರ ನಂತರ ಹೆನ್ರಿ ಕಸಿನ್ಸ್ ಮುಂಬೈ ಪ್ರಾಂತ್ಯದ ಹಳೆಯ ಕಟ್ಟಡಗಳ ಪಟ್ಟಿಯನ್ನು ತಿದ್ದಿ ಬೆಳೆಸಿದರು. ಆ ಕಾಲದ ಪಟ್ಟಿಗಳಲ್ಲಿ ಮೂರು ದರ್ಜೆ. ಸದಾ ಸುಸ್ಥಿತಿಯಲ್ಲಿ ಇಡಬೇಕಾದವು ಒಂದನೇ ದರ್ಜೆ. ಸಣ್ಣಪುಟ್ಟ ಕೆಲಸ ಮಾಡಿಸಿ ಇನ್ನಷ್ಟು ಹಾಳಾಗದಂತೆ ತಡೆದರೆ ಸಾಕು ಎನ್ನುವವು ಎರಡನೇದು. ಪೂರ್ತಿ ಹಾಳಾದವು, ಇಲ್ಲವೇ ಅಷ್ಟೇನೂ ಮುಖ್ಯವಲ್ಲ ಎನಿಸಿದವು ಮೂರನೇದು. ಸಂತೆಯಲ್ಲಿ ಹಲ್ಲು ನೋಡಿ ಎತ್ತು ಆರಿಸಿದ ಹಾಗೆ. ಬಂದ ಅಧಿಕಾರಿಗೆ ಎಷ್ಟು ದಿನ ಸಮಯವಿತ್ತು, ಯಾವ ದಾರಿಯಲ್ಲಿ ಬಂದ, ಊರ ಗೌಡ ಏನು ತೋರಿಸಿದ ಎನ್ನುವುದರ ಮೇಲೆ ಗುಡಿಯ ದರ್ಜೆ ನಿಂತಿತ್ತು ಎಂದು ನನಗೆ ಅನಿಸುತ್ತದೆ. 1904ರಲ್ಲಿ ಲಾರ್ಡ್ ಕರ್ಜನ್ ಕಾಲದ ಸ್ಮಾರಕ ರಕ್ಷಣೆಯ ಕಾಯ್ದೆ ಬಂದಾಗ ಕೈಗೆ ಸಿಕ್ಕಿದ್ದು ಇಂಥ ಪಟ್ಟಿಗಳೇ.

ಒಂದು ಗುಡಿಯ ಬೆನ್ನಿಗೆ ಮಣ್ಣಿನ ಮನೆ ಇತ್ತು. ಅರ್ಧ ಗೋಡೆ ಮಳೆಗೆ ಕುಸಿದಿತ್ತು, ಆ ಜಾಗದಲ್ಲಿ ತಗಡು ಕಟ್ಟಿದ್ದರು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅಮ್ಮ ನಮ್ಮನ್ನು ಕರೆದು ನೀರು ಕೊಟ್ಟರು. ಮಾಮ ಗೋಡೆಯ ಬಗ್ಗೆ ಕೇಳಿದ್ದೇ ತಡ, ಅವರು ಗುಡಿಯ ಕಡೆ ಕೈ ಮಾಡಿದರು.

"ಅದಕ್ಕ ಸಾವಿರ ವರ್ಸ ಆಗೇತಿ, ಬಿದ್ದಿಲ್ಲ. ನಮ್ಮ ಗ್ವಾಡಿಗೆ ಮೂವತ್ತು ವರ್ಸ ಆಗಿಲ್ಲ, ಬಿತ್ತು. ಕಟ್ಟಾಕ ಹೋದ್ರ ದಿಲ್ಲಿಗೆ ಅರ್ಜಿ ಹಾಕ್ರಿ ಅಂತಾರ."

ಅಮ್ಮ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆಗೆ ಅನುಮತಿಯೇ ಇಲ್ಲ. ಮನೆ 1992ರ ಜೂನ್ 16ಕ್ಕೆ ಮೊದಲಿನದಾಗಿದ್ದರೆ, ಅಥವಾ ಆಮೇಲೆ ಅನುಮತಿ ಪಡೆದು ಕಟ್ಟಿದ್ದರೆ, ದುರಸ್ತಿಗೆ ಅವಕಾಶ ಇದೆ. ಅದಕ್ಕೂ ಅರ್ಜಿ ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು, ಅಲ್ಲಿಂದ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ. ಜೂನ್ 16 ಯಾಕೆ ಅಂದ್ರೆ, 100 ಮತ್ತು 200 ಮೀಟರಿನ ಅಧಿಸೂಚನೆ ಮೊದಲು ಹೊರಟದ್ದು ಅವತ್ತು. ಈ ಮನೆಯ ವಯಸ್ಸು ಸರಿಯಾಗಿ ಆ ತಾರೀಖಿನ ಆಸುಪಾಸು. ಒಂದು ಹಳೇ ತೆರಿಗೆ ರಸೀದಿ ಸಿಕ್ಕರೆ ಗೋಡೆ ಏಳುತ್ತದೆ, ಸಿಗದಿದ್ದರೆ ತಗಡೇ ಗತಿ. ಮಾಮ ಅಮ್ಮನಿಗೆ ಪಂಚಾಯಿತಿಯಲ್ಲಿ ಯಾವ ರಿಜಿಸ್ಟರ್ ಕೇಳಬೇಕು ಎಂದು ಬಿಡಿಸಿ ಹೇಳಿದರು. ಮನೆ ಗಡಿಯಿಂದ ನಿಜವಾಗಿಯೂ 100 ಮೀಟರ್ ಒಳಗಿದೆಯೇ ಎನ್ನುವುದಕ್ಕೂ ನಕ್ಷೆ ಕೇಳಿ ಎಂದರು. ಪ್ರತಿ ಸ್ಮಾರಕದ ಸುತ್ತಲಿನ ಜಾಗವನ್ನೂ ಸರ್ವೆ ಮಾಡಿ ವಿವರವಾದ ನಕ್ಷೆ ಮಾಡಬೇಕು ಎಂದು 2010ರ ತಿದ್ದುಪಡಿಯೇ ಹೇಳುತ್ತದೆ.

ಹಂಪಿಯ ಮಹಾನವಮಿ ದಿಬ್ಬಕ್ಕೂ ಹೊಲದ ನಡುವಿನ ಪುಟ್ಟ ಬಸದಿಗೂ ಒಂದೇ ನೂರು ಮೀಟರ್ ಇಡುವುದು ನನಗೆ ಸರಿ ಕಾಣುವುದಿಲ್ಲ. ಒಂದೊಂದು ಸ್ಮಾರಕಕ್ಕೂ ಅದರದೇ ಉಪವಿಧಿ ಬರೆಯಬೇಕು ಎಂದು ಕಾಯ್ದೆಯಲ್ಲೇ ಇದೆ. ಆದರೆ ಆ ಉಪವಿಧಿಯೂ ನೂರು ಮೀಟರಿನ ಗೆರೆಯನ್ನು ಅಳಿಸುವ ಹಾಗಿಲ್ಲ.

ಲಕ್ಕುಂಡಿಯ ಓಣಿಗಳಲ್ಲಿ ನಡೆದರೆ ಮನೆಯ ಗೋಡೆಯಲ್ಲಿ ಕಂಬದ ತುಂಡು, ಹಿತ್ತಲಲ್ಲಿ ತಲೆಯಿಲ್ಲದ ಮೂರ್ತಿ ಕಾಣುತ್ತವೆ. ಇಂಥವಕ್ಕೆ ಇನ್ನೊಂದು ಕಾಯ್ದೆ, 1972ರದ್ದು. ನೂರು ವರ್ಷ ದಾಟಿದ ಶಿಲ್ಪ ನಿಮ್ಮ ಬಳಿ ಇದ್ದರೆ ಫೋಟೋ ಸಮೇತ ನೋಂದಣಿ ಅಧಿಕಾರಿಯ ಹತ್ತಿರ ದಾಖಲಿಸಬೇಕು. 2024ರಲ್ಲಿ ಇಲ್ಲಿ ಮನೆಮನೆ ತಿರುಗಿ ಇಂಥ ಕಲ್ಲುಗಳನ್ನು ಹುಡುಕಿ ಒಟ್ಟು ಮಾಡುವ ಕೆಲಸ ನಡೆಯಿತು. ನೆಲದಡಿ ಸಿಕ್ಕ ನಿಧಿಗೆ ಮತ್ತೊಂದು ಕಾಯ್ದೆ. ಬ್ರಿಟಿಷರದು 1878ರದ್ದು, ನಮ್ಮ ರಾಜ್ಯದ್ದು 1962ರದ್ದು. ನಿಧಿಗಳ್ಳರು ಮಾತ್ರ ಇದ್ಯಾವುದನ್ನೂ ಓದಿಲ್ಲ. ಒಡೆದ ನಂದಿ, ಕಿತ್ತ ಪಾಣಿಪೀಠ ಈ ಸೀಮೆಯ ಎಷ್ಟು ಊರಲ್ಲಿ ಬೇಕಾದರೂ ಸಿಗುತ್ತವೆ.

ಶನಿವಾರ: ಡಂಬಳ, ಕುಕನೂರು, ಇಟಗಿ

ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದ ಆಕಾರದ್ದು, ಇಪ್ಪತ್ನಾಲ್ಕು ಮೂಲೆ. ಮಾಮನಿಗೆ ಇಡೀ ಪ್ರವಾಸದಲ್ಲಿ ತೀರಾ ಇಷ್ಟವಾದ ಗುಡಿ ಇದೇ. ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಈ ನಕ್ಷೆ ಹುಟ್ಟುತ್ತದೆ ಎಂದು ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. ಹಗ್ಗ, ಗೂಟ ಇದ್ದರೆ ಸಾಕಂತೆ.

ನನಗೆ ಡಂಬಳ ಬೇರೆ ಕಾರಣಕ್ಕೆ ಬೇಕಿತ್ತು. 1095ರ ಒಂದು ಶಾಸನ ಇಲ್ಲಿದ್ದ ಬೌದ್ಧ ವಿಹಾರದ ಬಗ್ಗೆ, ತಾರಾ ಭಗವತಿಯ ಗುಡಿಯ ಬಗ್ಗೆ ಹೇಳುತ್ತದೆ. ಅದನ್ನು ಕಟ್ಟಿಸಿದವರು ಹದಿನಾರು ಮಂದಿ ಸೆಟ್ಟಿಗಳು. ಹನ್ನೊಂದನೇ ಶತಮಾನದ ಕೊನೆಯಲ್ಲೂ ಕನ್ನಡ ನಾಡಿನ ನಡುವೆ ಬೌದ್ಧರಿಗೆ ದತ್ತಿ ಬಿಡುವ ವ್ಯಾಪಾರಿಗಳು ಇದ್ದರು ಎನ್ನುವುದಕ್ಕೆ ಇದು ಸಾಕ್ಷಿ. ಇಂಗ್ಲಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಇದನ್ನು ಓದಿ ಅಚ್ಚು ಹಾಕಿಸಿದ್ದರು. ಅವರಿಗೆ ಹೊಟ್ಟೆಪಾಡಿನ ನೌಕರಿ ಮುಂಬೈ ಪ್ರಾಂತ್ಯದ ಆಡಳಿತದಲ್ಲಿ, ಮನಸ್ಸೆಲ್ಲ ಶಾಸನದಲ್ಲಿ. ವಿಹಾರ ಹೇಗಿತ್ತು ಎಂದು ಇವತ್ತು ಡಂಬಳದಲ್ಲಿ ನಿಂತು ಹೇಳುವುದು ಕಷ್ಟ. ಓದಿ ಬರೆದಿಟ್ಟ ಸಾಲುಗಳು ಉಳಿದಿವೆ.

ಗದಗ ಜಿಲ್ಲೆ ದಾಟಿ ಕೊಪ್ಪಳ ಜಿಲ್ಲೆಗೆ ಕಾಲಿಟ್ಟರೆ ಹಳೇ ನಿಜಾಮರ ಸೀಮೆ. ರಸ್ತೆಯಲ್ಲಿ ಒಂದು ಸ್ವಾಗತ ಕಮಾನು ಬಿಟ್ಟರೆ ಬೇರೇನೂ ಬದಲಾಗುವುದಿಲ್ಲ. ಅದೇ ಕಪ್ಪು ಮಣ್ಣು, ಅದೇ ಕಡಲೆ ಹೊಲ. ಆದರೆ 1904ರ ಕಾಯ್ದೆ ಈ ಗೆರೆಯಲ್ಲಿ ನಿಂತುಬಿಡುತ್ತಿತ್ತು. ಅದು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ. ಹೈದರಾಬಾದ್ ಸಂಸ್ಥಾನ 1914ರಲ್ಲಿ ತನ್ನದೇ ಪುರಾತತ್ವ ಇಲಾಖೆ ಮಾಡಿತು. ಗುಲಾಂ ಯಜ್ದಾನಿ ಅದರ ಮುಖ್ಯಸ್ಥರು. ಅಜಂತಾ ಗುಹೆಗಳು ಅದೇ ಸಂಸ್ಥಾನದಲ್ಲಿದ್ದವು, ಇಟಲಿಯಿಂದ ಪರಿಣತರನ್ನು ಕರೆಸಿ ಅಲ್ಲಿನ ಚಿತ್ರಗಳನ್ನು ಉಳಿಸಿದ್ದು ಇದೇ ಇಲಾಖೆ. ಸ್ಮಾರಕ ರಕ್ಷಣೆಯ ಕಾಯ್ದೆ ಅಲ್ಲಿ ಬಂದದ್ದು ಫಸಲಿ 1337ರಲ್ಲಿ, ಅಂದ್ರೆ 1927-28. ಮೈಸೂರಿನವರು ಅದಕ್ಕಿಂತ ಸ್ವಲ್ಪ ಮೊದಲು, 1925ರಲ್ಲಿ, ತಮ್ಮದೊಂದು ರೆಗ್ಯುಲೇಷನ್ ಮಾಡಿಕೊಂಡಿದ್ದರು.

ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು. ಒಂಬತ್ತು ಗರ್ಭಗುಡಿಗಳ ಸಾಲು ಒಂದು ಕಡೆ, ಮಹಾಮಾಯೆಯ ಭಕ್ತರ ಸಾಲು ಇನ್ನೊಂದು ಕಡೆ. ಕಲ್ಲೇಶ್ವರ ಗುಡಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ, ಗುರೆಳ್ಳು ಚಟ್ನಿಯನ್ನು ಕಂಪೌಂಡಿನ ಹೊರಗೆ ಬೇವಿನ ನೆರಳಲ್ಲಿ ಕೂತು ತಿಂದೆವು. ಸ್ಮಾರಕದ ಒಳಗೆ ಅಡುಗೆ, ಊಟ ನಿಷೇಧ. ಮಾಮ ಅದನ್ನು ದೇವರ ಮಾತಿನಂತೆ ಪಾಲಿಸುತ್ತಾರೆ.

ಅಲ್ಲಿಂದ ಇಟಗಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ. ಬಸ್ ನಿಲ್ದಾಣದ ಪಕ್ಕದಲ್ಲಿ ನೀರಿನ ಟ್ಯಾಂಕು, ಟ್ಯಾಂಕಿನ ಬುಡದಲ್ಲಿ ಒಂದು ವೀರಗಲ್ಲು. ಮೂರು ಹಂತದ್ದು. ಕೆಳಗೆ ದನ ತುರುಗೊಂಡು ಹೋಗುವವರ ಜೊತೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತ ವೀರ. ಹಂತಗಳ ನಡುವಿನ ಪಟ್ಟಿಯಲ್ಲಿ ಹಳಗನ್ನಡದ ಸಾಲು. ಯಾರೋ ಭಕ್ತಿಯಿಂದಲೇ ಹಸಿರು ಪೇಂಟ್ ಬಳಿದಿದ್ದರು. ಟ್ಯಾಂಕಿನ ಸುತ್ತ ಕಾಂಕ್ರೀಟು ಹಾಕುವಾಗ ಕಲ್ಲಿನ ಕೆಳಭಾಗ ಅದರೊಳಗೆ ಹೂತುಹೋಗಿದೆ. ಕೆಳಗಿನ ಸಾಲುಗಳು ಎಷ್ಟಿವೆಯೋ ಕಾಣುವುದಿಲ್ಲ.

ಮಾಮ ಫೋನಿನಲ್ಲಿ ಊರಿನ ನಕ್ಷೆ ತೆಗೆದರು. ಸ್ವಲ್ಪ ಹೊತ್ತು ನೋಡಿ ತಲೆ ಅಲ್ಲಾಡಿಸಿದರು.

"ಇದು ಗಾವಠಾಣದಾಗ ಐತಿ. ಇದಕ್ಕ ಸರ್ವೆ ನಂಬರ್ ಎಲ್ಲಿಂದ ತರ್ತಿ?"

ಇದು ಸಣ್ಣ ತೊಡಕಲ್ಲ. ಒಂದು ಜಾಗವನ್ನು ಸಂರಕ್ಷಿತ ಎಂದು ಘೋಷಿಸಬೇಕಾದರೆ ಸರ್ಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ಗೆಜೆಟ್ಟಿನಲ್ಲಿ ಅಚ್ಚಾಗಬೇಕು, ಅದರ ಒಂದು ಪ್ರತಿಯನ್ನು ಸ್ಮಾರಕದ ಹತ್ತಿರವೇ ಅಂಟಿಸಬೇಕು. ತಕರಾರು ಇದ್ದವರು ಆ ಎರಡು ತಿಂಗಳಲ್ಲಿ ಹೇಳಬೇಕು. ಅಂತಿಮ ಆದೇಶ ಆಮೇಲೆ. ಆ ನೋಟಿಸಿನಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಅಂದ್ರೆ ನಾಲ್ಕೂ ದಿಕ್ಕಿನ ಗಡಿ, ಎಲ್ಲ ಇರುತ್ತದೆ. ಹೊಲದಲ್ಲಿರುವ ಗುಡಿಗೆ ಇವೆಲ್ಲ ಸಲೀಸು. ಊರೊಳಗಿನ ಗಾವಠಾಣದ ಜಾಗಕ್ಕೆ ಹೊಲದ ಹಾಗೆ ಸರ್ವೆ ನಂಬರ್ ಇಲ್ಲ, ಪಹಣಿ ಇಲ್ಲ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ಮನೆಗಳಿಗೆ ನಂಬರ್ ಸಿಗುತ್ತದೆ. ಟ್ಯಾಂಕಿನ ಬುಡದ ಕಲ್ಲಿಗೆ ಯಾರು ಕೊಡುತ್ತಾರೆ?

ನಾವು ಅಳತೆ ಹಿಡಿಯುತ್ತಿದ್ದುದನ್ನು ನೋಡಿ ಚಹಾದಂಗಡಿಯ ಹುಡುಗ ಓಡಿ ಬಂದ. "ಸರ, ಬೋರ್ಡ್ ಹಾಕ್ತೀರೇನ್ರಿ? ಬೋರ್ಡ್ ಬಂದ್ರ ನಮ್ಮ ಅಂಗಡಿ ಹೊಕ್ಕತ್ರಿ." ಮಾಮ ಅವನಿಗೆ ಧೈರ್ಯ ಹೇಳಿ ಎರಡು ಚಹಾ ಹೇಳಿದರು. ಸ್ಕೇಲ್ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಲೊಕೇಶನ್ ಗುರುತು ಹಾಕಿಕೊಂಡೆ.

ಇಟಗಿ ತಲುಪಿದಾಗ ಇಳಿಬಿಸಿಲು. ಮಹಾದೇವ ದಂಡನಾಯಕ 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನವೇ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹೊಗಳಿಕೆ ಜಾಸ್ತಿ ಆಯಿತು ಎಂದು ಯಾರಿಗೂ ಅನಿಸಲಾರದು. ಸುತ್ತ ಬೇಲಿ, ಹುಲ್ಲುಹಾಸು, ಕಾವಲುಗಾರ ಎಲ್ಲ ಇದೆ. ಒಂಬತ್ತು ಶತಮಾನ ಚಿಲ್ಲರೆ ನಿಂತ ಗುಡಿಗೆ ಒಂದು ಹಳೇ ಪಟ್ಟಿಯಲ್ಲಿ ಹೆಸರಿತ್ತು. ಕೆಲವು ಮೈಲಿ ದೂರದ ವೀರಗಲ್ಲಿಗೆ ಇರಲಿಲ್ಲ.

ಯಾಕೆ ಇರಲಿಲ್ಲ ಎಂದು ರಾತ್ರಿ ಕೊಪ್ಪಳದ ಲಾಡ್ಜಿನಲ್ಲಿ ಮಾಮನ ಜೊತೆ ಮಾತು ಬೆಳೆಯಿತು. ಸ್ವಾತಂತ್ರ್ಯ ಬಂದ ಮೇಲೆ ಯಾರೂ ಹೊಸದಾಗಿ ಊರೂರು ತಿರುಗಿ ಪಟ್ಟಿ ಮಾಡಲಿಲ್ಲ. 1904ರ ಕಾಯ್ದೆಯಲ್ಲಿ ಸಂರಕ್ಷಿತ ಎನಿಸಿದ್ದವನ್ನೂ ಸಂಸ್ಥಾನಗಳ ಕಡೆಯಿಂದ ಆರಿಸಿದವನ್ನೂ ಸೇರಿಸಿ, 1951ರಲ್ಲಿ ಒಂದು ಕಾಯ್ದೆ ಮಾಡಿ ರಾಷ್ಟ್ರೀಯ ಮಹತ್ವದವು ಎಂದರು. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಇನ್ನಷ್ಟು ಸೇರಿದವು. 1958ರ ಕಾಯ್ದೆ ಇವನ್ನೆಲ್ಲ ಹಾಗೇ ಒಳಗೆ ತಗೊಂಡಿತು. ಕೇಂದ್ರ ಬಿಟ್ಟವಕ್ಕೆ ನಮ್ಮ ರಾಜ್ಯ 1961ರಲ್ಲಿ ತನ್ನ ಕಾಯ್ದೆ ಮಾಡಿತು. ಕುದುರೆ ಮೇಲೆ ಬಂದ ಅಧಿಕಾರಿ ಅವತ್ತು ನೋಡದೇ ಹೋದದ್ದು ಇವತ್ತಿಗೂ ಹೊರಗೇ ಉಳಿದಿರಬಹುದು. ಅವನು ಬರೆದುಕೊಂಡದ್ದು ಒಳಗಿದೆ.

ಬರೆದ ಮಾತ್ರಕ್ಕೆ ಉಳಿಯುತ್ತದೆ ಅಂತಲೂ ಇಲ್ಲ. 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ, ಕೇಂದ್ರದ ಪಟ್ಟಿಯ 92 ಸ್ಮಾರಕಗಳು ಇರುವ ಜಾಗದಲ್ಲಿ ಸಿಗುತ್ತಿಲ್ಲ ಎಂದಿತು. ಕೆಲವು ಆಮೇಲೆ ಸಿಕ್ಕವು. ಕೆಲವು ಊರು ಬೆಳೆದು ಮುಚ್ಚಿಹೋಗಿದ್ದವು, ಕೆಲವು ಅಣೆಕಟ್ಟಿನ ನೀರಿನಡಿ. 2024ರಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದಲೇ ಕೈಬಿಡುವ ತೀರ್ಮಾನವಾಯಿತು. ಹರಿಯಾಣದ ಮುಜೇಸರದ ಒಂದು ಕೋಸ್ ಮಿನಾರ್ (ಹಳೇ ದಾರಿಯ ದೂರ ತೋರಿಸುವ ಕಂಬ), ದೆಹಲಿಯ ಬಾರಾಖಂಬಾ ಸ್ಮಶಾನ ಅದರಲ್ಲಿ ಸೇರಿವೆ.

"ಚಕ್ಕುಬಂದಿ ಬರದಿರಂಗಿಲ್ಲ, ಅಷ್ಟ," ಎಂದು ಮಾಮ ದೀಪ ಆರಿಸಿದರು. ಅವರಿಗೆ ಲೋಕದ ಎಲ್ಲ ರೋಗಕ್ಕೂ ಇದೊಂದೇ ಕಾರಣ.

ಭಾನುವಾರ: ಹಂಪಿ

ಹಂಪಿ ಬಗ್ಗೆ ಬರೆಯದವರೇ ಇಲ್ಲ, ಹಾಗಾಗಿ ನೋಡಿದ್ದನ್ನೆಲ್ಲ ಹೇಳುವುದಿಲ್ಲ. ಭಾನುವಾರ ಬೇರೆ, ವಿಜಯ ವಿಠ್ಠಲನ ಹತ್ತಿರ ಕಾಲಿಡಲು ಜಾಗವಿರಲಿಲ್ಲ.

ಹಂಪಿಯಷ್ಟು ಸಲ ದಾಖಲಾದ ಜಾಗ ಕರ್ನಾಟಕದಲ್ಲಿ ಇನ್ನೊಂದು ಇರಲಾರದು. ಟಿಪ್ಪು ಸತ್ತ ವರ್ಷ, 1799ರಲ್ಲಿ, ಕಾಲಿನ್ ಮೆಕೆಂಜಿ ಇಲ್ಲಿ ಬಂದು ನಕ್ಷೆ ಮಾಡಿದರು. ಅವರೂ ಸರ್ವೇಯರ್ ಎಂದು ಮಾಮನಿಗೆ ಭಾರಿ ಅಭಿಮಾನ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಕಾಗದದ ನೆಗೆಟಿವ್ ಬಳಸಿ ಫೋಟೋ ತೆಗೆದರು. ಅವರ ಕಲ್ಲಿನ ರಥದ ಚಿತ್ರ ನೋಡಿದರೆ ಅಚ್ಚರಿಯಾಗುತ್ತದೆ. ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. ಐವತ್ತು ರೂಪಾಯಿ ನೋಟಿನಲ್ಲಿರುವುದು ಗೋಪುರ ಹೋದ ಮೇಲಿನ ರಥ. ಆ ಫೋಟೋ ಇರದಿದ್ದರೆ ರಥ ಮೊದಲಿಂದಲೂ ಬೋಳಾಗಿಯೇ ಇತ್ತು ಎಂದು ನಾವು ನಂಬುತ್ತಿದ್ದೆವು. 1980ರ ನಂತರ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ತಂಡ ಇಡೀ ನಗರವನ್ನು ಚೌಕಗಳಾಗಿ ಹಂಚಿ, ಒಂದೊಂದು ಕಟ್ಟಡಕ್ಕೂ ಅಕ್ಷರ ಮತ್ತು ಸಂಖ್ಯೆ ಕೊಟ್ಟು ದಾಖಲೆ ಮಾಡಿತು. ಬರೀ ಗುಡಿ, ಅರಮನೆ ಅಷ್ಟೇ ಅಲ್ಲ. ಬಾವಿ, ಕಾಲುವೆ, ಮೆಟ್ಟಿಲು, ಬಂಡೆಯಲ್ಲಿ ಕೊರೆದ ಗೂಟದ ಗುಳಿ ಕೂಡ.

ಇಲ್ಲಿ ಉಳಿದಿರುವ ಅವಶೇಷಗಳು 1,600ಕ್ಕೂ ಹೆಚ್ಚು ಎಂದು ಯುನೆಸ್ಕೊ ಹೇಳುತ್ತದೆ. ಕೇಂದ್ರದ ಪಟ್ಟಿಯಲ್ಲಿ ಹೆಸರು ಹಿಡಿದು ಸಂರಕ್ಷಿತವಾದವು ಐವತ್ತಕ್ಕಿಂತ ಸ್ವಲ್ಪ ಹೆಚ್ಚು. ರಾಜ್ಯದ ಅಧಿಸೂಚನೆ, ವಿಶ್ವ ಪರಂಪರೆಯ ಗಡಿ, 2002ರ ಹಂಪಿ ಪ್ರಾಧಿಕಾರದ ಕಾಯ್ದೆ, ಎಲ್ಲ ಒಂದರ ಮೇಲೊಂದು ಹಾಸಿವೆ. ಒಂದೇ ಬಂಡೆಯ ಮೇಲೆ ಎಷ್ಟು ಕಾಯ್ದೆ ಕೂತಿವೆ ಎಂದು ಲೆಕ್ಕ ಹಾಕಲು ಹೋಗಿ ಮಾಮ ಸೋತರು.

2019ರ ಫೆಬ್ರವರಿಯಲ್ಲಿ ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಕಂಬ ಕೆಡವಿದ ವಿಡಿಯೋ ಎಲ್ಲ ಕಡೆ ಓಡಾಡಿತ್ತಲ್ಲ, ನೆನಪಿದೆಯಾ? ನಾಲ್ವರು ಹುಡುಗರು. ಹೊಸಪೇಟೆ ಕೋರ್ಟು ಪ್ರತಿಯೊಬ್ಬರಿಗೂ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ದಂಡಕ್ಕಿಂತ ಕಂಬ ಎತ್ತಿಸಿದ್ದು ನನಗೆ ಇಷ್ಟ. ಎಷ್ಟು ಭಾರ ಅಂತ ಭುಜಕ್ಕೆ ಗೊತ್ತಾಗಿರುತ್ತದೆ.

ವಿರೂಪಾಕ್ಷನ ಎದುರಿನ ಬಜಾರು ಈಗ ಎರಡೂ ಕಡೆ ಖಾಲಿ ಮಂಟಪ. ನಾನು ಶಾಲೆಯಲ್ಲಿದ್ದಾಗ ಬಂದಿದ್ದೆ. ಆಗ ಆ ಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು, ಒಣಹಾಕಿದ ಬಟ್ಟೆ ಇದ್ದವು. 2011ರ ಜುಲೈ ಕೊನೆಯಲ್ಲಿ ಜೆಸಿಬಿ ಬಂದವು. ಅಲ್ಲಿದ್ದ ಕುಟುಂಬಗಳಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಕಂಬಗಳ ನಡುವೆ ಇಟ್ಟಿಗೆ ಗೋಡೆ ಕಟ್ಟಿದ್ದು ತಪ್ಪೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಜಾರು ಕಟ್ಟಿದ್ದೇ ಜನ ಕೂತು ವ್ಯಾಪಾರ ಮಾಡಲಿ ಅಂತ ಅಲ್ವಾ? ಖಾಲಿ ಬಜಾರು ನೋಡುವಾಗ ಅರ್ಧ ದಾಖಲೆ ಅಳಿಸಿದ ಹಾಗೆ ಕಂಡಿತು. ಮಾಮ ಒಪ್ಪಲಿಲ್ಲ. ಸರ್ಕಾರಿ ಜಾಗದ ಅತಿಕ್ರಮಣ ಅಂದ್ರೆ ಅವರಿಗೆ ಅತಿಕ್ರಮಣವೇ.

ಸೋಮವಾರ: ಆನೆಗೊಂದಿ, ಹಿರೇಬೆಣಕಲ್

ಹೊಳೆ ದಾಟಲು ಬುಕ್ಕಸಾಗರ–ಕಡೇಬಾಗಿಲು ಸೇತುವೆ ಹಿಡಿದೆವು. ತಳವಾರಘಟ್ಟದ ಹತ್ತಿರ ಅರ್ಧಕ್ಕೆ ನಿಂತ ಸೇತುವೆಯ ಕಥೆ ಈ ಕಡೆ ಎಲ್ಲರಿಗೂ ಗೊತ್ತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೆ ಬಿದ್ದದ್ದು ಇಲ್ಲಿನ ತೂಗುಸೇತುವೆಗಳ ಕಾರಣಕ್ಕೆ. ಕೆಲಸ ನಿಂತಿತು. 2006ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆದರು. ಕೆಲಸ ಮತ್ತೆ ಶುರುವಾಗಿ 2009ರ ಜನವರಿಯಲ್ಲಿ ಸೇತುವೆ ಕುಸಿಯಿತು, ಕಾರ್ಮಿಕರು ಸತ್ತರು. ಇಷ್ಟು ವರ್ಷ ಆನೆಗೊಂದಿಯ ಮಕ್ಕಳು ತೆಪ್ಪದಲ್ಲೇ ದಾಟಿದರು.

ವಿರೂಪಾಪುರ ಗಡ್ಡಿಯ ಜಗಳವೂ ಗಡಿಯದೇ. ಹೊಳೆ ನಡುವಿನ ಆ ನಡುಗಡ್ಡೆಯಲ್ಲಿ ರೆಸಾರ್ಟುಗಳು ಎದ್ದಿದ್ದವು. ರಾಜ್ಯದ 1988ರ ಅಧಿಸೂಚನೆ ಸ್ಮಾರಕಗಳಿಗೆ ಮಾತ್ರವೋ ಇಡೀ ಗಡ್ಡಿಗೋ ಎನ್ನುವುದು ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಟ್ಟಡ ತೆರವನ್ನು ಎತ್ತಿಹಿಡಿಯಿತು. ಮಾಮ ಇದನ್ನು ಹೇಳುವಾಗ ಅವರ ಮುಖದಲ್ಲಿ ಗೆದ್ದ ಕಳೆ ಇತ್ತು.

ಗಂಗಾವತಿ ಕಡೆಯ ಹಿರೇಬೆಣಕಲ್ಲಿನಲ್ಲಿ ಕಾರು ನಿಲ್ಲಿಸಿ ಬೆಟ್ಟ ಹತ್ತಿದೆವು. ಮೆಟ್ಟಿಲಿಲ್ಲ, ಕುರಿಗಾಹಿಗಳ ಕಾಲುದಾರಿ. ಮೇಲೆ ಹೋದಾಗ ಕಾಣುವುದು ಕಲ್ಲಿನ ಮನೆಗಳ ಕೇರಿ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವದರ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಆಳೆತ್ತರ ಮೀರಿದವೂ ಇವೆ. ಇವು ಎರಡು ಸಾವಿರ ವರ್ಷಕ್ಕೂ ಹಿಂದಿನ ಬೃಹತ್ ಶಿಲಾಯುಗದವರ ಸಮಾಧಿಗಳು, ನೂರಾರು ಇವೆ. ಊರವರಿಗೆ ಇದು ಮೋರ್ಯರ ಗುಡ್ಡ. ಚಪ್ಪಡಿ ಎಬ್ಬಿಸಿದ ಜಾಗದಲ್ಲಿ ಮಳೆನೀರು ನಿಂತು ಕೊಳವಾಗಿದೆ. ಪಕ್ಕದ ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಕಲ್ಲು. ಬಡಿದರೆ ನಿಜವಾಗಿಯೂ ನಗಾರಿಯ ಸದ್ದು, ದೂರದವರೆಗೂ ಕೇಳುತ್ತದಂತೆ. ನಾವು ಬಡಿಯಲಿಲ್ಲ.

ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1835ರಲ್ಲಿ ಇದನ್ನು ನೋಡಿ ಬರೆದಿಟ್ಟರು. ಕೇಂದ್ರದ ರಕ್ಷಣೆಗೆ ಬಂದದ್ದು 1955ರಲ್ಲಿ. 2021ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ನೋಡಿದ್ದಕ್ಕೂ ರಕ್ಷಿಸಿದ್ದಕ್ಕೂ ನಡುವೆ ನೂರಿಪ್ಪತ್ತು ವರ್ಷ. ಇಷ್ಟು ಕಾಲ ಇವನ್ನು ಕಾದದ್ದು ದಾರಿಯಿಲ್ಲದ ಬೆಟ್ಟ. ಸುತ್ತಲಿನ ಸೀಮೆಯಲ್ಲಿ ಗ್ರಾನೈಟ್ ಗಣಿಗಳು ಯಾವ ವೇಗದಲ್ಲಿ ಬೆಟ್ಟ ತಿನ್ನುತ್ತವೆ ಎಂದು ಗೊತ್ತಿರುವವರಿಗೆ, ಇಲ್ಲಿ ಗಡಿ ಗುರುತು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಮಾಮನ ಮೊಣಕಾಲು ಮುಷ್ಕರ ಹೂಡಿದ್ದರೂ ಬಂಡೆ ಹಿಡಿದುಕೊಂಡು ಅಂಚಿನವರೆಗೆ ಹೋಗಿ ಹುಡುಕಿ ಬಂದರು.

ಕೆಳಗಿಳಿದು ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ವೀರಗಲ್ಲಿನ ಅರ್ಜಿ ಬರೆಯಲು ಕೂತೆವು. ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪ್ರತಿ, ಗ್ರಾಮ ಪಂಚಾಯಿತಿಗೆ ಒಂದು. ಮಾಮ ಹೇಳಿದರು, ನಾನು ಬರೆದೆ. ಎತ್ತರ, ಅಗಲ, ಕಾಣುವ ಸಾಲುಗಳೆಷ್ಟು, ಅಕ್ಷಾಂಶ, ರೇಖಾಂಶ. ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ನೀರಿನ ಟ್ಯಾಂಕು, ಉತ್ತರಕ್ಕೆ ಬಸ್ ನಿಲ್ದಾಣ, ದಕ್ಷಿಣಕ್ಕೆ ಚಹಾದಂಗಡಿ. ಕೊನೆಗೆ ನಾನು ‘ಇದನ್ನು ಸಂರಕ್ಷಿತ ಸ್ಮಾರಕ ಎಂದು ಘೋಷಿಸಬೇಕಾಗಿ ವಿನಂತಿ’ ಎಂದು ಸೇರಿಸಿದೆ. ಮಾಮ ಪೆನ್ನು ಕಸಿದುಕೊಂಡು ಆ ಸಾಲು ಹೊಡೆದು ಹಾಕಿದರು.

"ಗಡಿ ಅಳೀದ ಘೋಷಣಾ ಮಾಡಿದ್ರ ಆ ಹುಡುಗನ ಅಂಗಡಿ ಮೊದ್ಲ ಹೊಕ್ಕತಿ. ಕಲ್ಲು ಹಂಗ ಕಾಂಕ್ರೀಟಿನ್ಯಾಗ ಇರತೈತಿ. ಕಲ್ಲಿನ ಅಕ್ಷರದ ಮ್ಯಾಲ ಕಾಗದ ಒತ್ತಿ ಪಡಿಯಚ್ಚು ತಗೀರಿ, ರಿಜಿಸ್ಟರಿನ್ಯಾಗ ಬರೀರಿ, ಕಾಂಕ್ರೀಟು ಬಿಡಿಸ್ರಿ ಅಂತ ಕೇಳು. ಸಾಕು."

"ಕಾಯ್ದೆಯ ಬಲ ಇಲ್ಲದೆ ಬರೀ ರಿಜಿಸ್ಟರಿನಲ್ಲಿದ್ದರೆ ನಾಳೆ ಇನ್ನೊಂದು ಟ್ಯಾಂಕು ಕಟ್ಟುವಾಗ ಕಿತ್ತು ಎಸೆಯುತ್ತಾರೆ, ಮಾಮಾ."

"ರಿಜಿಸ್ಟರಿನ್ಯಾಗ ಇದ್ರ ಯಾರು ಎಸೆದ್ರು ಅಂತ ಕೇಳಾಕರ ಬರತೈತಿ."

ಗಂಗಾವತಿ ಬರುವವರೆಗೂ ಇದೇ ವಾದ. ಅಂಚೆ ಕಚೇರಿ ಮುಚ್ಚಲು ಹತ್ತು ನಿಮಿಷ ಇತ್ತು. ಮಾಮ ಹೇಳಿದ ಹಾಗೇ ಅರ್ಜಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಹೊಡೆದು ಹಾಕಿದ ಸಾಲಿನ ಬಗ್ಗೆ ನನಗೆ ಇನ್ನೂ ಒಪ್ಪಿಗೆಯಿಲ್ಲ. ಅದಕ್ಕೆ ಬೇರೆ ಅರ್ಜಿ ಬರೆಯುತ್ತೇನೆ ಎಂದಿದ್ದೇನೆ. ಬರಿ, ಆದರೆ ಹುಡುಗನ ಅಂಗಡಿ ಎಷ್ಟು ಮೀಟರಿನಲ್ಲಿದೆ ಎಂದು ಅದರಲ್ಲಿ ಕಾಣಿಸು ಎಂದರು ಮಾಮ.